ಹೊರಗಿನ ಚಿಲಕ

ವ್ಯಾನಿನ ಎರಡೂ ಪಕ್ಕಗಳಲ್ಲಿ ‘ಫ್ರಿಜ್, ಎ.ಸಿ. ರಿಪೇರಿ: ಕರೆದ ತಕ್ಷಣ ಬರುತ್ತೇವೆ’ ಎಂದು ದಪ್ಪ ಅಕ್ಷರಗಳಲ್ಲಿ ಬರೆದಿತ್ತು. ಜೀವ ಹಿಂಡುವ ಇಂಥ ಬಿಸಿಲಿನ ದಿನ ಅಂಥದೊಂದು ವ್ಯಾನನ್ನು ಮನೆಗಳ ನಡುವೆ ತಂದು ನಿಲ್ಲಿಸಬಾರದು ಎಂಬ ಬುದ್ಧಿ ಪತ್ತೇದಾರಿ ದಳದಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಚಳಿಗಾಲದಲ್ಲಿ ಇದೇ ವ್ಯಾನಿನೊಳಗೆ ಅಡಗಿ ಕೂತು ಅವರು ಕಳ್ಳರನ್ನು ಹಿಡಿದದ್ದುಂಟು. ಆಗ ನರಪಿಳ್ಳೆಯೂ ಹತ್ತಿರ ಸುಳಿದಿರಲಿಲ್ಲ. ಇವತ್ತು ಬೆಳಗಿನಿಂದ ಮೂರು ಜನ ಬಂದು ಬಾಗಿಲು ತಟ್ಟಿ, ಬೈದುಕೊಂಡು ಹೋಗಿದ್ದರು.

“ನಿಜವಾಗಲೂ ರಿಪೇರಿ ಅಂಗಡಿ ಇಟ್ಟಿದ್ರೆ ಇಷ್ಟೊತ್ತಿಗೆ ಉದ್ಧಾರ ಆಗ್ತಿದ್ವಿ ಪುಟ್ಟಕ್ಕ,” ಎಂದು ಮಾವ ಪಿಸುಗುಟ್ಟಿದರು.

ಪುಟ್ಟಕ್ಕ ನಕ್ಕಳು, ಸದ್ದಿಲ್ಲದೆ. ಆಳು ಗಿಡ್ಡವಾದ್ದರಿಂದ ‘ಪುಟ್ಟ’, ಯಾರಿಗೂ ಬಗ್ಗದವಳಾದ್ದರಿಂದ ‘ಅಕ್ಕ’. ದಳಕ್ಕೆ ಸೇರಿದ ವಾರದಲ್ಲೇ ಅವಳಿಗೆ ಆ ಹೆಸರು ಅಂಟಿಕೊಂಡಿತ್ತು. ಮಾವ ದಳದ ಅತಿ ಹಿರಿಯ ಪತ್ತೇದಾರರು. ಎಲ್ಲರಿಗೂ, ಸಾಹೇಬರಿಗೂ ಕೂಡ, ಅವರು ಮಾವನೇ. ಇಬ್ಬರೂ ರಿಪೇರಿಯವರ ನೀಲಿ ಅಂಗಿ ತೊಟ್ಟು, ತಗಡಿನ ಗೋಡೆಗೆ ಬೆನ್ನು ತಾಗದ ಹಾಗೆ ಒಂದು ಹಲಗೆಯ ಮೇಲೆ ಮುದುರಿಕೊಂಡು ಕೂತಿದ್ದರು. ಬೆನ್ನು ತಾಗಿದರೆ ಸುಟ್ಟೇಹೋಗುತ್ತಿತ್ತು. ಹೊರಗೆ ಬಣ್ಣದಲ್ಲಿ ಬರೆದ ಫ್ರಿಜ್ಜಿನ ಚಿತ್ರದ ಹಿಡಿಕೆಯ ಜಾಗದಲ್ಲಿ ಒಂದು ತೂತು ಕೊರೆದಿದ್ದರು. ಸರದಿಯಂತೆ ಒಬ್ಬರು ಅದಕ್ಕೆ ಕಣ್ಣಿಟ್ಟರೆ, ಇನ್ನೊಬ್ಬರು ರಟ್ಟಿನ ಚೂರಿನಿಂದ ಇಬ್ಬರಿಗೂ ಗಾಳಿ ಬೀಸಬೇಕು. ಮಾವ ತಮ್ಮ ಸರದಿ ಬಂದಾಗ ಗಾಳಿಯನ್ನೆಲ್ಲ ಅವಳ ಕಡೆಗೇ ಬೀಸುತ್ತಿದ್ದರು. ಅವಳು ಅದನ್ನು ಗಮನಿಸಿಯೂ ಗಮನಿಸದಂತಿದ್ದಳು. ಹೇಳಿದರೆ ಅವರು ಒಪ್ಪುವವರಲ್ಲ.

ತೂತಿನಾಚೆ, ರಸ್ತೆಯ ಅತ್ತ ಬದಿಯ ಮನೆಯ ಮೊದಲ ಮಹಡಿಯಲ್ಲಿ ಕಂದುಬಣ್ಣದ ಪರದೆ ಎಳೆದ ಒಂದು ಕಿಟಕಿ. ಆ ಪರದೆಯ ಹಿಂದೆ ನಾಲ್ಕು ವರ್ಷದ ಒಂದು ಹೆಣ್ಣುಮಗು ಇರಬಹುದು ಎಂಬುದೇ ಅವರ ಗುಮಾನಿ. ಗೋದಾಮೊಂದರಲ್ಲಿ ಕಾವಲಿಗಿದ್ದವನನ್ನು ಯಜಮಾನ ಎಲ್ಲರೆದುರು ಕಳ್ಳನೆಂದು ಹೀನಾಯ ಮಾಡಿ ಕೆಲಸದಿಂದ ಓಡಿಸಿದ್ದ. ಆ ಕಾವಲುಗಾರ ಹಿಂದಿನ ದಿನ ಯಜಮಾನನ ಮಗುವನ್ನು ಅಂಗಳದಿಂದಲೇ ಎತ್ತಿಕೊಂಡು ಹೋಗಿದ್ದ. ಫೋನು ಮಾಡಿ ಒಂದೇ ಮಾತು ಹೇಳಿದ್ದ: “ಪೊಲೀಸರ ನೆರಳು ಕಂಡ್ರೂ ಮಗು ನಿನಗೆ ದಕ್ಕೋದಿಲ್ಲ. ನನ್ನ ಹೊಟ್ಟೆ ಉರಿಸಿದೆಯಲ್ಲ, ನಿನ್ನದೂ ಉರೀಲಿ.” ಆ ಕರೆ ಈ ಬೀದಿಯಿಂದಲೇ ಬಂದದ್ದೆಂದು ಪತ್ತೆಯಾಗುವಷ್ಟರಲ್ಲಿ ಫೋನು ಸತ್ತುಹೋಗಿತ್ತು. ಆ ಕೋಣೆಯಲ್ಲಿ ಇರುವವನು ಅವನೇ ಹೌದೋ, ಮಗು ಇದೆಯೋ ಎಂಬುದನ್ನು ಕಣ್ಣಾರೆ ಕಾಣದೆ ಬಾಗಿಲು ಒಡೆಯುವಂತಿರಲಿಲ್ಲ. ತಪ್ಪು ಬಾಗಿಲು ಒಡೆದರೆ ಸುದ್ದಿ ಊರೆಲ್ಲ ಹಬ್ಬುತ್ತದೆ, ಅವನಿಗೂ ಮುಟ್ಟುತ್ತದೆ.

ಇಂಥ ಕೆಲಸಕ್ಕೆ ದಳದಲ್ಲಿ ಒಂದು ಪದ್ಧತಿಯಿತ್ತು. ಹಿಂದೊಮ್ಮೆ ವ್ಯಾನಿನೊಳಗೆ ಯಾರದೋ ಫೋನು ಬಡಿದುಕೊಂಡು ಹಿಡಿಯಬೇಕಾದವನು ತಪ್ಪಿಸಿಕೊಂಡಿದ್ದ. ಅಂದಿನಿಂದ ಒಳಗೆ ಕೂರುವವರ ಫೋನುಗಳೆಲ್ಲ ಚಾಲಕನ ಚೀಲಕ್ಕೆ. ಒಳಗೆ ಒಂದು ವಾಕಿಟಾಕಿ, ಅದರ ಜೋಡಿ ಚಾಲಕನ ಹತ್ತಿರ. ಏನಾದರೂ ಕಂಡರೆ ಇವರು ಅವನಿಗೆ ಹೇಳಬೇಕು, ಅವನು ಸಾಹೇಬರಿಗೆ ಫೋನು ಮಾಡಬೇಕು. ಸದ್ದಿಲ್ಲದಿದ್ದರೆ ಎಲ್ಲ ಸರಿಯಿದೆ ಎಂದೇ ಅರ್ಥ. ಹಿಂಬಾಗಿಲಿನ ಒಳಚಿಲಕ ಮುರಿದು ಎಷ್ಟೋ ಕಾಲವಾಗಿತ್ತು, ಆದ್ದರಿಂದ ಚಾಲಕ ಹೊರಗಿನಿಂದ ಚಿಲಕ ಹಾಕಿ ಹೋಗುತ್ತಿದ್ದ. ಮುಂದಿನ ಸೀಟಿಗೂ ಹಿಂಬದಿಗೂ ನಡುವೆ ತಗಡಿನ ಗೋಡೆ. ಈವರೆಗೆ ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

ಚಾಲಕನ ಹೆಸರು ಜೆಟ್. ಅಷ್ಟು ನಿಧಾನವಾಗಿ ಗಾಡಿ ಓಡಿಸುವವನು ಇನ್ನೊಬ್ಬನಿಲ್ಲವೆಂದು ಇಟ್ಟ ಹೆಸರು. ಬೆಳಿಗ್ಗೆ ಚಿಲಕ ಹಾಕುವ ಮುಂಚೆ ಅವನು ತನ್ನ ನೀರಿನ ಬಾಟಲಿಯನ್ನೂ ಇವರಿಗೇ ಕೊಟ್ಟಿದ್ದ. “ನಂಗೇನು, ಮೂಲೆ ಅಂಗಡೀಲಿ ಟೀ ಸಿಗತ್ತೆ. ನೀವು ಇಟ್ಕೊಳ್ಳಿ ಮಾವ.” ಅವನ ಮುಖ ಆಗಲೇ ಕೆಂಪೇರಿತ್ತು. ಪುಟ್ಟಕ್ಕ ಅದನ್ನು ನೋಡಿದ್ದಳು, ನೋಡಿ ಮರೆತಿದ್ದಳು.

ಬಿಸಿಲು ನೆತ್ತಿಗೇರುವ ಹೊತ್ತಿಗೆ ಬಾಟಲಿಗಳೆಲ್ಲ ಖಾಲಿಯಾದವು. ಆಗಲೇ ನಾಲ್ಕನೆಯ ಸಲ ಬಾಗಿಲು ತಟ್ಟಿದ ಸದ್ದು. ಈ ಸಲ ಒಂದು ಮುದಿ ದನಿ.

“ಯಾರಪ್ಪಾ ಒಳಗೆ? ನಮ್ಮ ಫ್ರಿಜ್ಜು ಗೊರಗೊರ ಅಂತ ಗೊರಕೆ ಹೊಡೀತಾ ಇದೆ. ತಂಪು ಅನ್ನೋದು ಮಾತ್ರ ಇಲ್ಲ. ಸ್ವಲ್ಪ ಬಂದು ನೋಡ್ತೀರಾ?”

ಮಾವ ತುಟಿಗೆ ಬೆರಳಿಟ್ಟರು. ಇಬ್ಬರೂ ಉಸಿರು ಬಿಗಿಹಿಡಿದರು.

“ಯಾರೂ ಇಲ್ವೇನೋ. ಊಟಕ್ಕೆ ಹೋಗಿರ್ಬೇಕು, ಪಾಪ. ಈ ಬಿಸಿಲಲ್ಲಿ ಅವರದಾದ್ರೂ ಏನು ಬಾಳು.” ಚಪ್ಪಲಿ ಎಳೆದುಕೊಂಡು ಹೋದ ಸದ್ದು, ಮತ್ತೆ ಬಂದ ಸದ್ದು. ಚಕ್ರದ ಪಕ್ಕ, ವ್ಯಾನಿನ ನೆರಳಿನಲ್ಲಿ, ಏನನ್ನೋ ಇಟ್ಟರು. ಅದರ ಮೇಲೆ ಲೋಟ ಬೋರಲು ಹಾಕಿದ ಟಿಣ್ ಎಂಬ ನಾದ. “ನೀರಿದೆ ಕಣ್ರಪ್ಪಾ, ಬಂದ್ಮೇಲೆ ಕುಡೀರಿ,” ಎಂದು ಖಾಲಿ ಬೀದಿಗೇ ಹೇಳಿ ಅಜ್ಜಿ ಒಳಗೆ ಹೋದರು.

ಒಂದು ಹೂಜಿ ನೀರು, ತಗಡಿನ ಆಚೆ, ಮೊಳದಷ್ಟು ದೂರದಲ್ಲಿ. ಪುಟ್ಟಕ್ಕ ನಾಲಿಗೆಯಿಂದ ತುಟಿ ಸವರಿಕೊಂಡಳು. ನಾಲಿಗೆಯೂ ಒಣಗಿತ್ತು.

“ನೀರಿನ ಬಗ್ಗೆ ಯೋಚಿಸ್ಬೇಡ. ಕಣ್ಣು ಇಡು,” ಎಂದರು ಮಾವ.

ಅವಳು ಕಣ್ಣಿಟ್ಟಳು. ಆಗ ಪರದೆ ಅಲುಗಿತು.

ಮೊದಲು ಒಂದು ಪುಟ್ಟ ಅಂಗೈ ಗಾಜಿಗೆ ಒತ್ತಿಕೊಂಡಿತು. ಆಮೇಲೆ ಒಂದು ಮುಖ. ಕೂದಲು ಹಣೆಗೆ ಮೆತ್ತಿಕೊಂಡಿತ್ತು, ಬಾಯಿ ತೆರೆದಿತ್ತು, ಗಾಳಿಗಾಗಿಯೋ ಅಳುವುದಕ್ಕಾಗಿಯೋ ತಿಳಿಯಲಿಲ್ಲ. ಮರುಗಳಿಗೆ ಒಂದು ಗಂಡು ತೋಳು ಮಗುವನ್ನು ಹಿಂದಕ್ಕೆಳೆದು ಪರದೆ ಮುಚ್ಚಿತು.

“ಮಾವ, ಅದೇ ಮಗು. ಫೋಟೋದಲ್ಲಿರೋದೇ.”

ಮಾವ ವಾಕಿಟಾಕಿ ಬಾಯಿಗೆ ಹಿಡಿದರು. “ಜೆಟ್. ಜೆಟ್, ಕಂಡಿತು. ಸಾಹೇಬರಿಗೆ ಹೇಳು.”

ಗರಗರ ಸದ್ದು ಬಿಟ್ಟರೆ ಏನೂ ಇಲ್ಲ.

“ಜೆಟ್, ಏಳಯ್ಯಾ. ಟೀ ಸಾಕು.”

ಮತ್ತೆ ಗರಗರ. ಮತ್ತೆ ಮತ್ತೆ ಕರೆದರು. ಕರೆದಷ್ಟೂ ಅವರ ದನಿ ಸಣ್ಣಗಾಯಿತು. ಕಡೆಗೆ ಯಂತ್ರವನ್ನು ಕೆಳಗಿಟ್ಟು ಅವರು ಪುಟ್ಟಕ್ಕನ ಮುಖ ನೋಡಿದರು. ಇಬ್ಬರಿಗೂ ಒಟ್ಟಿಗೇ ಅರ್ಥವಾಯಿತು. ಜೆಟ್‌ಗೆ ಏನೋ ಆಗಿದೆ. ಠಾಣೆಯಲ್ಲಿ ಸಾಹೇಬರು ನಿಶ್ಚಿಂತೆಯಿಂದ ಕೂತಿದ್ದಾರೆ, ಯಾಕೆಂದರೆ ಸದ್ದಿಲ್ಲ, ಅಂದರೆ ಎಲ್ಲ ಸರಿಯಿದೆ. ಇಲ್ಲಿ ಇವರಿಬ್ಬರು ಈ ಕುಲುಮೆಯೊಳಗಿದ್ದಾರೆ ಎಂಬುದು ನೆನಪಿರಬೇಕಾದವನು ಒಬ್ಬನೇ, ಅವನೇ ಇಲ್ಲ.

ಬಾಗಿಲು ಬಡಿದು ಕೂಗಬಹುದಿತ್ತು. ಕೂಗಿದರೆ ಬೀದಿ ಓಡಿ ಬರುತ್ತಿತ್ತು. ಆದರೆ ಎಲ್ಲರಿಗಿಂತ ಮೊದಲು ಕೇಳಿಸಿಕೊಳ್ಳುವವನು ಆ ಪರದೆಯ ಹಿಂದಿದ್ದ.

“ಬರ್ತಾನೆ ಬಿಡು,” ಎಂದರು ಮಾವ. “ಜೆಟ್ ಯಾವತ್ತು ಹೊತ್ತಿಗೆ ಸರಿಯಾಗಿ ಬಂದಿದ್ದಾನೆ?” ತಮಾಷೆ ಅರ್ಧದಲ್ಲೇ ಬತ್ತಿಹೋಯಿತು.

ಬಂದದ್ದು ಜೆಟ್ ಅಲ್ಲ. ಎದುರು ಮನೆಯ ಮೆಟ್ಟಿಲ ಬಾಗಿಲು ತೆರೆಯಿತು. ಒಬ್ಬ ಗಂಡಸು ಅತ್ತ ಇತ್ತ ನೋಡಿ ರಸ್ತೆಗಿಳಿದ. ಪುಟ್ಟಕ್ಕನಿಗೆ ಆ ಮುಖದ ಗುರುತು ತಕ್ಷಣ ಹತ್ತಿತು. ಬೆಳಿಗ್ಗೆಯಿಡೀ ಮಗುವಿನ ಫೋಟೋದ ಜೊತೆ ಅವನ ಫೋಟೋವನ್ನೂ ನೋಡಿದ್ದಳು. ಕಾವಲುಗಾರ ನೇರವಾಗಿ ವ್ಯಾನಿನ ಕಡೆಗೇ ನಡೆದು ಬಂದ. ಬರಬರುತ್ತ ಅವನು ದೊಡ್ಡದಾದ, ಕಡೆಗೆ ತೂತಿನ ತುಂಬ ಅವನ ಬೆವರಿದ ಅಂಗಿಯೊಂದೇ ಉಳಿಯಿತು. ಅವಳು ಕಣ್ಣು ಕಿತ್ತು ಹಿಂದಕ್ಕೆ ಸರಿದಳು.

ಅವನು ವ್ಯಾನನ್ನು ಸುತ್ತಿ ನೆರಳಿನ ಬದಿಗೆ ಬಂದ. ಲೋಟ ಎತ್ತಿದ ಸದ್ದು. ನೀರು ಸುರಿದ ಸದ್ದು. ಗಟಗಟ ಕುಡಿದ. ಅವನ ಗಂಟಲಿನ ಒಂದೊಂದು ಗುಟುಕೂ ಒಳಗೆ ಕೇಳುತ್ತಿತ್ತು. ಆಮೇಲೆ ಬಾಟಲಿಯೊಂದಕ್ಕೆ ನೀರು ಬಗ್ಗಿಸಿಕೊಳ್ಳತೊಡಗಿದ.

ಆಗ ಮಾವನ ಗಂಟಲಲ್ಲಿ ಕೆಮ್ಮು ಎದ್ದಿತು. ಒಣಗಿದ ಗಂಟಲು, ಅವರ ತಪ್ಪೇನು? ಕಣ್ಣು ದೊಡ್ಡದಾಗಿ ಅವರು ಎದೆ ಹಿಡಿದುಕೊಂಡರು. ಪುಟ್ಟಕ್ಕ ಅವರ ತಲೆಯನ್ನು ತನ್ನ ಹೆಗಲಿಗೆ ಒತ್ತಿ, ಬಾಯಿಗೆ ಅಂಗೈ ಮುಚ್ಚಿದಳು. ತಂದೆಯ ವಯಸ್ಸಿನ ಆ ಮನುಷ್ಯನ ಮೈ ಅವಳ ತೋಳಿನೊಳಗೆ ಗಡಗಡ ನಡುಗಿತು. ಆ ಮೈಯಲ್ಲಿ ಬೆವರೇ ಇರಲಿಲ್ಲ. ಒಣಗಿದ ಹಂಚಿನಂತೆ ಕಾದಿತ್ತು.

ಹೊರಗೆ ನೀರಿನ ಸದ್ದು ನಿಂತಿತು. ತಗಡಿನ ಮೇಲೆ ಒಂದು ಕೈ ಬಿತ್ತು. “ಥೂ,” ಎಂದು ಅವನು ಸುಟ್ಟ ಕೈ ಒದರಿಕೊಂಡ. ಒಂದಿಷ್ಟು ಹೊತ್ತು ಏನೂ ಇಲ್ಲ. ಕೇಳಿಸಿಕೊಳ್ಳುತ್ತಿದ್ದಾನೆಯೇ? ಅವಳ ಎದೆಬಡಿತ ತಗಡಿಗೆ ತಾಗಿ ಹೊರಗೆ ಹೋಗುತ್ತಿದೆಯೇನೋ ಅನ್ನಿಸಿತು. ಕಡೆಗೆ ಹೆಜ್ಜೆಗಳು ದೂರವಾದವು. ಎದುರಿನ ಬಾಗಿಲು ಮುಚ್ಚಿತು.

ಅವಳು ಕೈ ತೆಗೆದಳು. ಮಾವ ಕೆಮ್ಮಲಿಲ್ಲ. “ಕಿಟಕಿ ತೆಗೀರಮ್ಮಾ,” ಎಂದರು. “ಮಕ್ಕಳು ಸ್ಕೂಲಿಂದ ಬರ್ತಾರೆ, ಕಿಟಕಿ ತೆಗೀರಿ.” ಅವರ ಮಕ್ಕಳು ಸ್ಕೂಲು ಮುಗಿಸಿ ಎಷ್ಟೋ ವರ್ಷಗಳಾಗಿದ್ದವು.

“ಮಾವ, ನಾನು ಪುಟ್ಟಕ್ಕ. ನನ್ನ ನೋಡಿ.”

ಅವರು ನೋಡಿದರು, ಆದರೆ ಗುರುತು ಸಿಗಲಿಲ್ಲ.

ಬಿಸಿಲಿನ ಹೊಡೆತ ಹೇಗೆ ಕೊಲ್ಲುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಅಂಥ ಹೆಣಗಳ ಪಂಚನಾಮೆಗೆ ನಿಂತಿದ್ದಳು. ಬೆವರು ನಿಲ್ಲುತ್ತದೆ, ಮಾತು ತಪ್ಪುತ್ತದೆ, ಆಮೇಲೆ ನಿದ್ದೆ. ಅವಳು ಸಾಮಾನಿನ ಪೆಟ್ಟಿಗೆಯಿಂದ ನಟ್ಟು ಬಿಚ್ಚುವ ಒಂದು ಕಬ್ಬಿಣದ ಪಾನಾ ಎತ್ತಿಕೊಂಡಳು. ಹಿಂಬಾಗಿಲಿಗೆ ಅದರಿಂದ ಬಡಿದರೆ ಸಾಕು. ಒಂದು ಕಡೆ ಈ ಜೀವ, ಇನ್ನೊಂದು ಕಡೆ ಗಾಜಿಗೊತ್ತಿದ ಆ ಅಂಗೈ. ಕೈ ಎತ್ತಿದಳು. ಆಗ ಮಾವ ಎಲ್ಲಿಂದಲೋ ಮರಳಿ ಬಂದವರಂತೆ ಅವಳ ಮಣಿಕಟ್ಟು ಹಿಡಿದರು.

“ಬೇಡ ಕಣೆ. ಮಗು ಇದೆ.”

ಅಷ್ಟೇ. ಮತ್ತೆ ಕಣ್ಣು ಮುಚ್ಚಿದರು. ಅವಳ ಕೈ ಎತ್ತಿದ ಹಾಗೇ ಗಾಳಿಯಲ್ಲಿ ನಿಂತಿತು. ಇಳಿಸಲೂ ಆಗದು, ಬಡಿಯಲೂ ಆಗದು. ಪುಟ್ಟಕ್ಕ ಹಲ್ಲು ಕಚ್ಚಿ ಅತ್ತಳು. ಕಣ್ಣೀರಿಗೂ ಮೈಯಲ್ಲಿ ನೀರಿರಲಿಲ್ಲ.

ಆಗ ಚಪ್ಪಲಿ ಎಳೆದುಕೊಂಡು ಬರುವ ಸದ್ದು ಕೇಳಿತು.

“ಅಯ್ಯೋ, ಹೂಜಿ ಖಾಲಿ!” ಅಜ್ಜಿಯ ದನಿಯಲ್ಲಿ ಸಂತೋಷ. “ಕುಡಿದ್ರಲ್ಲ, ಒಳ್ಳೇದಾಯ್ತು.”

ಪುಟ್ಟಕ್ಕ ತಗಡಿನ ಸಂದಿಗೆ ಬಾಯಿಟ್ಟಳು. ತುಟಿ ಚುರ್ರೆಂದಿತು. “ಅಜ್ಜಿ, ಹೆದರ್ಬೇಡಿ. ಕೂಗ್ಬೇಡಿ. ನಾನು ಪೊಲೀಸಿನವಳು, ನಿಮ್ಮ ಮೊಮ್ಮಗಳಷ್ಟು ವಯಸ್ಸು. ಒಳಗೆ ಸಿಕ್ಕಿಹಾಕ್ಕೊಂಡಿದ್ದೀವಿ. ಹಿಂದಿನ ಬಾಗಿಲಿನ ಚಿಲಕ ತೆಗೀರಿ. ಎದುರು ಮಹಡಿ ಕಡೆ ಮಾತ್ರ ನೋಡ್ಬೇಡಿ. ಅಲ್ಲಿರೋನು ಒಂದು ಮಗೂನ ಕದ್ದು ತಂದಿದ್ದಾನೆ.”

ಹೊರಗೆ ಹೂಜಿ ಕೆಳಗಿಟ್ಟ ಸದ್ದು. ಆಮೇಲೆ ಚಪ್ಪಲಿಗಳು ದೂರ ಹೋದವು.

ಹೋದರು. ಹೆದರಿ ಹೋದರು. ಈಗ ಅಕ್ಕಪಕ್ಕದವರನ್ನು ಕೂಗುತ್ತಾರೆ, ಕಿಟಕಿಗಳು ತೆರೆಯುತ್ತವೆ, ಎಲ್ಲ ಮುಗಿಯಿತು. ಪುಟ್ಟಕ್ಕ ಮಾವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಾದಳು. ಹೆದರಿಕೆ ಅಂದರೆ ಎದೆ ಬಡಿದುಕೊಳ್ಳುವುದು ಎಂದುಕೊಂಡಿದ್ದಳು ಇಷ್ಟು ದಿನ. ಅದಲ್ಲ. ಇನ್ನು ಮಾಡುವುದಕ್ಕೆ ಏನೂ ಉಳಿದಿಲ್ಲ ಎಂಬ ಸ್ತಬ್ಧತೆ ಅದು.

ಚಪ್ಪಲಿಗಳು ಮರಳಿ ಬಂದವು. ಚಿಲಕ ಕಿರುಗುಟ್ಟಿತು. ಬಾಗಿಲು ಸರಿದು, ಬೆಂಕಿಯಂಥ ಬೀದಿಗಾಳಿಯೇ ತಂಗಾಳಿಯ ಹಾಗೆ ಒಳಗೆ ನುಗ್ಗಿತು. ಎದುರಿಗೆ ಒದ್ದೆಬಟ್ಟೆಯೊಂದನ್ನು ಕೈಗೆ ಸುತ್ತಿಕೊಂಡು ಅಜ್ಜಿ ನಿಂತಿದ್ದರು. ಚಿಲಕ ಮುಟ್ಟಲಾರದಷ್ಟು ಕಾದಿತ್ತಂತೆ. ಬಟ್ಟೆ ತರಲು ಹೋಗಿದ್ದರು, ಅಷ್ಟೇ.

“ಏನ್ರಪ್ಪಾ, ಒಳಗೇ ನಿದ್ದೆ ಹೊಡೀತಾ ಇದ್ರಾ?” ಎಂದು ಅವರು ಬೀದಿಗೆಲ್ಲ ಕೇಳುವಂತೆ ಗದರಿದರು. ಕಣ್ಣು ಮಾತ್ರ ನೀರಾಗಿತ್ತು. “ಆಗಿನಿಂದ ತಟ್ಟಿ ತಟ್ಟಿ ಸಾಕಾಯ್ತು. ಬನ್ನಿ ಬನ್ನಿ, ನಮ್ಮ ಫ್ರಿಜ್ಜು ನೋಡಿ ಮೊದಲು.”

ಒಂದು ಕೈಯಲ್ಲಿ ಸಾಮಾನಿನ ಪೆಟ್ಟಿಗೆ ಹಿಡಿದು, ಕುಡಿದ ಗೆಳೆಯನನ್ನು ನಡೆಸುವವಳಂತೆ ಮಾವನ ಕಂಕುಳಿಗೆ ಇನ್ನೊಂದು ಕೈಕೊಟ್ಟು ಪುಟ್ಟಕ್ಕ ಅವರನ್ನು ಅಜ್ಜಿಯ ಮನೆಯೊಳಗೆ ಎಳೆದೊಯ್ದಳು. ತಣ್ಣನೆಯ ನೆಲದ ಮೇಲೆ ಮಲಗಿಸಿದರು. ಅಜ್ಜಿ ಕೊಡದಿಂದ ಮಾವನ ಮೈಮೇಲೆ ನೀರು ಸುರಿಯುತ್ತ, “ನನ್ನ ತಮ್ಮನ ವಯಸ್ಸು ಕಣಮ್ಮ,” ಎಂದು ಗೊಣಗುತ್ತಲೇ ಇದ್ದರು. ಪುಟ್ಟಕ್ಕ ಅಜ್ಜಿಯ ಫೋನಿನಿಂದ ಠಾಣೆಗೆ ಮಾತಾಡಿದಳು.

“ಆಂಬುಲೆನ್ಸ್ ಸದ್ದು ಮಾಡದೆ ಬರತ್ತೆ, ನಾವೂ ಬರ್ತೀವಿ,” ಎಂದರು ಸಾಹೇಬರು. “ಅಲ್ಲೀತನಕ ನೀನು ಅಲ್ಲಾಡಬೇಡ.”

ಫೋನು ಇಡುವಷ್ಟರಲ್ಲಿ ಹೊರಗಿನಿಂದ ಒಂದು ಕೂಗು. “ಏಯ್, ರಿಪೇರಿಯವರೇ!”

ಅಜ್ಜಿ, ಪುಟ್ಟಕ್ಕ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾವಲುಗಾರ ಕಿಟಕಿಯ ಪರದೆ ಸರಿಸಿ ನಿಂತಿದ್ದ. “ಇಲ್ಲೂ ಬನ್ನಿ. ಫ್ಯಾನು ನಿಂತುಹೋಗಿದೆ. ಬೇಗ ಬನ್ನಿ.”

“ಹೋಗ್ಬೇಡ ಮಗಾ,” ಎಂದು ಅಜ್ಜಿ ಅವಳ ತೋಳು ಹಿಡಿದರು.

ಹೋಗದಿದ್ದರೆ ಅವನಿಗೆ ಅನುಮಾನ ಬರುತ್ತದೆ. ರಿಪೇರಿಯವರು ಕೆಲಸ ಬೇಡ ಎನ್ನುತ್ತಾರೆಯೇ, ಇಂಥ ದಿನ? ಅವಳು ಒಂದು ಲೋಟ ನೀರು ಒಂದೇ ಉಸಿರಿಗೆ ಕುಡಿದು, ಪೆಟ್ಟಿಗೆ ಎತ್ತಿಕೊಂಡಳು. ಪಿಸ್ತೂಲು ಪೆಟ್ಟಿಗೆಯ ತಳದಲ್ಲಿ, ಸ್ಕ್ರೂಡ್ರೈವರುಗಳ ಕೆಳಗಿತ್ತು. ಬೇಕೆಂದಾಗ ಕೈಗೆ ಸಿಗದ ಜಾಗ. ಅಜ್ಜಿ ಒದ್ದೆಬಟ್ಟೆಯನ್ನು ಅವಳ ಹೆಗಲ ಮೇಲೆ ಹಾಕಿದರು, ಹೂಜಿಯನ್ನು ತುಂಬಿ ಇನ್ನೊಂದು ಕೈಗೆ ಕೊಟ್ಟರು.

ಎದುರು ಮನೆಯ ಮೆಟ್ಟಿಲು ಕತ್ತಲಾಗಿತ್ತು. ಹೂಜಿ ತುಳುಕದ ಹಾಗೆ ಒಂದೊಂದೇ ಮೆಟ್ಟಿಲು ಹತ್ತಿದಳು. ಮೇಲೆ ಬಾಗಿಲು ಸರಪಳಿಯಷ್ಟೇ ತೆರೆಯಿತು. ಸಂದಿಯಲ್ಲಿ ಒಂದು ಕಣ್ಣು.

“ಹೆಂಗಸಾ?”

“ಯಾಕೆ, ಫ್ಯಾನಿಗೆ ಗೊತ್ತಾಗತ್ತಾ?” ಮಾತು ತಾನಾಗಿಯೇ ಬಂತು.

ಸರಪಳಿ ಬಿಚ್ಚಿತು. ಒಳಗೆ ಕಾಲಿಟ್ಟೊಡನೆ ಹಿಂದಿನಿಂದ ಅವನು ಬಾಗಿಲಿಗೆ ಚಿಲಕ ಹಾಕಿದ. ವ್ಯಾನಿನ ಚಿಲಕದಂಥದೇ ಕಬ್ಬಿಣದ ಸದ್ದು.

ಗಾಳಿಯಿಲ್ಲದ ಕೋಣೆ. ಮೇಜಿನ ಮೇಲೆ ಒಂದು ಚೂರಿ. ನೆಲದ ಮೇಲೆ, ನೆನೆಸಿದ ಅವನದೇ ಅಂಗಿಯೊಂದರ ಮೇಲೆ, ಆ ಮಗು. ತಲೆ ಒಂದು ಕಡೆಗೆ ವಾಲಿತ್ತು. ಪಕ್ಕದಲ್ಲಿ ಬೀಸಿ ಬೀಸಿ ಮುರಿದ ರಟ್ಟಿನ ಚೂರು. ಹೂಜಿಯಿಂದ ತಂದ ನೀರಿನ ಬಾಟಲಿ ಖಾಲಿಯಾಗಿತ್ತು.

“ನನ್ನ ಮಗಳು,” ಎಂದ ಅವನು ಅವಸರವಾಗಿ. “ಆಗ ಕಿಟಕಿ ಹತ್ರ ಓಡ್ತಿದ್ಲು. ಈಗ ಏಳ್ತಿಲ್ಲ. ನೀರು ಕೊಟ್ರೂ ನುಂಗ್ತಿಲ್ಲ.” ಖಾಲಿ ಬಾಟಲಿಯನ್ನೇ ಎತ್ತಿ ಮತ್ತೆ ಮಗುವಿನ ತುಟಿಗೆ ಹಿಡಿದ. ಹೆದರಿರುವುದು ತಾನೊಬ್ಬಳೇ ಅಲ್ಲ ಎಂದು ಪುಟ್ಟಕ್ಕನಿಗೆ ಆಗ ಗೊತ್ತಾಯಿತು. ಹೆದರಿದವನ ಕೈಗೆ ಚೂರಿ ಹತ್ತಿರವಿರುವುದು ಇನ್ನೂ ಕೆಟ್ಟದ್ದು.

ಅವಳು ಪೆಟ್ಟಿಗೆ ಕೆಳಗಿಟ್ಟಳು. ಫ್ಯಾನಿನ ಕಡೆ ನೋಡಲೂ ಇಲ್ಲ. ಮಂಡಿಯೂರಿ ಅಜ್ಜಿಯ ಬಟ್ಟೆಯನ್ನು ನೀರಲ್ಲಿ ಅದ್ದಿ ಮಗುವಿನ ಕತ್ತಿಗೆ, ಕಂಕುಳಿಗೆ ಒತ್ತಿದಳು. ಸಣ್ಣದೊಂದು ನರಳಿಕೆ ಬಂತು. ಜೀವವಿತ್ತು.

“ಫ್ಯಾನು ಆಮೇಲೆ ಮಾಡಣ. ಇಲ್ಲಿದ್ರೆ ಈ ಮಗು ಉಳಿಯಲ್ಲ,” ಎಂದಳು. ದನಿ ಎಲ್ಲಿಂದ ಬಂತೋ, ಮನೆಯಲ್ಲಿ ಜ್ವರ ಬಂದ ಮಗನ ಪಕ್ಕ ಕೂತಾಗಿನ ದನಿಯೇ ಬಂತು. “ಕೆಳಗೆ, ಎದುರಿನ ಅಜ್ಜಿ ಮನೆ ನೆಲ ತಣ್ಣಗಿದೆ, ಕೊಡದ ತುಂಬ ನೀರಿದೆ. ನಾನು ಎತ್ಕೊಳ್ತೀನಿ.”

“ಹೊರಗೆ ಬೇಡ.” ಅವನು ಮೇಜಿನ ಕಡೆಗೆ ಸರಿದ. ಕೈ ಚೂರಿಯ ಹತ್ತಿರ ಬಂತು. “ಯಾರಾದ್ರೂ ನೋಡ್ತಾರೆ.”

“ನೋಡ್ಲಿ. ನಿನ್ನ ಮಗಳಲ್ವಾ?”

ಅವನು ಅವಳನ್ನೇ ದಿಟ್ಟಿಸಿದ. ಅವಳು ಅವನ ಕೈ ನೋಡಲಿಲ್ಲ. ಮಗುವನ್ನು ಎತ್ತಿ ಎದೆಗೊತ್ತಿಕೊಂಡಳು. ಈಗ ಎರಡೂ ಕೈ ತುಂಬಿದ್ದವು. ಅವನು ಏನು ಮಾಡಿದರೂ ತಡೆಯುವಂತಿರಲಿಲ್ಲ. ಪಿಸ್ತೂಲಿದ್ದ ಪೆಟ್ಟಿಗೆ ನೆಲದ ಮೇಲೇ ಉಳಿಯಿತು. ಎದ್ದು ಬಾಗಿಲ ಹತ್ತಿರ ನಿಂತಳು. ಬೆನ್ನು ಅವನ ಕಡೆಗಿತ್ತು.

“ನನ್ನ ಕೈ ಖಾಲಿ ಇಲ್ಲ,” ಎಂದಳು. “ಚಿಲಕ ನೀನೇ ತೆಗಿ ಅಣ್ಣ.”

ಎಷ್ಟು ಹೊತ್ತು ಹಾಗೆ ನಿಂತಿದ್ದಳೋ ಅವಳಿಗೆ ತಿಳಿಯದು. ಮಗುವಿನ ಬಿಸಿಯುಸಿರು ಕತ್ತಿಗೆ ತಾಗುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ತಾಗುತ್ತಿತ್ತು. ಹಿಂದೆ ಹೆಜ್ಜೆ ಸರಿಯಿತು. ಅವಳ ಪಕ್ಕದಿಂದ ಒಂದು ಕೈ ಮುಂದೆ ಬಂತು. ಆ ಕೈಯಲ್ಲಿ ಏನೂ ಇರಲಿಲ್ಲ. ಕೈ ಚಿಲಕ ತೆಗೆಯಿತು, ಬಾಗಿಲನ್ನು ಅಗಲಕ್ಕೆ ತೆರೆದು ಹಿಡಿಯಿತು, ಮಗುವಿನ ಕಾಲು ತಾಗದ ಹಾಗೆ.

“ಬದುಕತ್ತಾ?” ಎಂದು ಕೇಳಿದ.

ಅವಳು ಮಗುವಿನ ತಲೆಗೆ ಕೈ ಆನಿಸಿ ಹೊಸ್ತಿಲು ದಾಟಿದಳು. ಮೆಟ್ಟಿಲಿಳಿದಳು. ಕೆಳಗಿನ ಕತ್ತಲಲ್ಲಿ ಸಾಹೇಬರು, ಇನ್ನೂ ನಾಲ್ವರು ಗೋಡೆಗೆ ಒರಗಿ ಉಸಿರು ಹಿಡಿದು ನಿಂತಿದ್ದರು. ಅವರು ಅವಳಿಗೆ ದಾರಿ ಬಿಟ್ಟು, ಅವಳು ದಾಟಿದ ಮೇಲೆ ಮೇಲಕ್ಕೆ ನುಗ್ಗಿದರು.

ಸಂಜೆ ಆಸ್ಪತ್ರೆಯಲ್ಲಿ ಮಾವ, ಜೆಟ್ ಇಬ್ಬರ ಮಂಚವೂ ಅಕ್ಕಪಕ್ಕದಲ್ಲೇ ಇತ್ತು. ಜೆಟ್ ಟೀ ಅಂಗಡಿಯ ಮುಂದೆ ಬವಳಿ ಬಂದು ಬಿದ್ದಿದ್ದ. ಯಾರೋ ಪುಣ್ಯಾತ್ಮರು ಎತ್ತಿ ತಂದು ಸೇರಿಸಿದ್ದರು. ಮಾವ ಕೂಗಿದ ಕೂಗನ್ನೆಲ್ಲ ಅವನ ವಾಕಿಟಾಕಿ, ನರ್ಸಮ್ಮ ಜೋಪಾನವಾಗಿ ಮುಚ್ಚಿಟ್ಟ ಡ್ರಾಯರಿನೊಳಗೆ, ಅವನ ಬೂಟುಗಳಿಗೆ ಹೇಳಿತ್ತು. ಅವನು ದಿಂಬಿಗೆ ಮುಖ ಹುದುಗಿಸಿ ಅಳುತ್ತಿದ್ದ.

“ಸುಮ್ನಿರೋ,” ಎಂದರು ಮಾವ, ಇನ್ನೂ ತೊದಲುವ ನಾಲಿಗೆಯಲ್ಲಿ. “ನಿನ್ನ ನೀರೆಲ್ಲ ನಾವು ಕುಡಿದ್ವಲ್ಲ. ನೀನು ಬೀಳದೆ ಇನ್ನೇನು ಮಾಡ್ತೀಯಾ?” ಆಮೇಲೆ ಪುಟ್ಟಕ್ಕನ ಕಡೆ ತಿರುಗಿ, “ಮಗು?”

“ಕಣ್ಣು ಬಿಟ್ಟಿದೆ ಮಾವ. ಅವರಮ್ಮನ ಸೆರಗು ಬಿಡ್ತಿಲ್ಲ.”

ನರ್ಸಮ್ಮ ಹೋಗುವಾಗ ವಾರ್ಡಿನ ಬಾಗಿಲು ಎಳೆಯಹೋದರು. ಪುಟ್ಟಕ್ಕ ಥಟ್ಟನೆ ಎದ್ದು ಕಾಲು ಅಡ್ಡ ಇಟ್ಟಳು. “ತೆಗೆದೇ ಇರ್ಲಿ, ದಯವಿಟ್ಟು.” ನರ್ಸಮ್ಮ ಬಾಗಿಲಿಗೆ ಒಂದು ಸ್ಟೂಲು ಒತ್ತು ಕೊಟ್ಟು ಹೋದರು.

ಮನೆಗೆ ಹೋಗುವ ಮುಂಚೆ ಅವಳು ಠಾಣೆಗೆ ಹೋದಳು. ಲಾಕಪ್ಪಿನ ಮೂಲೆಯಲ್ಲಿ ಕಾವಲುಗಾರ ಗೋಡೆಗೆ ಮುಖ ಮಾಡಿ ಕೂತಿದ್ದ. ಸರಳುಗಳ ಬಿಸಿ ಇನ್ನೂ ಇಳಿದಿರಲಿಲ್ಲ. ಆ ಚೂರಿಯ ಹತ್ತಿರ ಬಂದ ಕೈಯನ್ನು ಅವಳು ಮರೆತಿರಲಿಲ್ಲ, ಮರೆಯುವವಳೂ ಅಲ್ಲ. ಪಹರೆಯವನಿಗೆ ಹೇಳಿ ಬಾಗಿಲು ತೆಗೆಸಿದಳು. ಹೊರಗಿನ ಚಿಲಕ ಸರಿದಾಗ ಅವಳ ಕೈಲಿದ್ದ ಲೋಟದ ನೀರು ತುಳುಕಿತು. ಒಂದೇ ಹೆಜ್ಜೆ ಒಳಗಿಟ್ಟು ಅದನ್ನು ಅವನ ಕೈಗೆಟಕುವಷ್ಟು ಹತ್ತಿರ ಇಟ್ಟಳು.

“ಬದುಕಿದೆ,” ಎಂದಳು.

ಅವನು ತಿರುಗಿ ನೋಡುವ ಮೊದಲೇ ಹೊರಗೆ ಬಂದಳು.